ಎರಡನೆಯ ಸರ್ವರ್: ಸಣ್ಣ ಕಚೇರಿಯ ಹೆಸರುಪಟ್ಟಿಯ ಚರಿತ್ರೆ

"ಸರ್ವರ್ ಡೌನ್ ಇದೆ, ನಾಳೆ ಬನ್ನಿ" ಎಂಬ ಮಾತು ಕನ್ನಡದಲ್ಲಿ ಈಗ ಗಾದೆಯಷ್ಟೇ ರೂಢಿಯಾಗಿದೆ. ಕಂಪ್ಯೂಟರ್ ಮುಟ್ಟದವರಿಗೂ ಅದರ ಅರ್ಥ ಗೊತ್ತು: ಎಲ್ಲೋ ಒಂದು ಪೆಟ್ಟಿಗೆ ಇದೆ, ಅದು ನಿಂತಿದೆ, ಅದಕ್ಕೇ ಇಲ್ಲಿ ಕೆಲಸ ನಿಂತಿದೆ. ಸರ್ವರ್ ಎಂದರೆ ಒಂದೇ ಎಂಬ ಊಹೆ ಆ ಮಾತಿನೊಳಗೆ ಅಡಗಿ ಕೂತಿದೆ. ಹತ್ತಿಪ್ಪತ್ತು ಜನ ಕೆಲಸ ಮಾಡುವ ಸಣ್ಣ ಕಚೇರಿಗಳಲ್ಲಿ ಈ ಊಹೆ ಇನ್ನೂ ಗಟ್ಟಿ. ಅಲ್ಲಿ ಎರಡನೆಯ ಸರ್ವರಿನ ಮಾತು ಬಂದರೆ ಮೊದಲ ಪ್ರಶ್ನೆ, ಈಗಿರುವುದು ನಿಧಾನವಾಗಿದೆಯೇ, ಜಾಗ ಸಾಲುತ್ತಿಲ್ಲವೇ ಎಂಬುದು. ಎರಡೂ ಇಲ್ಲವೆಂದಾದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಆದರೆ ಕಳೆದ ನಾಲ್ಕು ದಶಕಗಳ ಚರಿತ್ರೆಯನ್ನು ನೋಡಿದರೆ ಎರಡನೆಯ ಸರ್ವರಿನ ಕಥೆ ವೇಗದ್ದೂ ಅಲ್ಲ, ಜಾಗದ್ದೂ ಅಲ್ಲ. ಕಚೇರಿಯಲ್ಲಿ ಯಾರು ಯಾರು, ಯಾರಿಗೆ ಯಾವ ಫೈಲ್ ತೆರೆಯುವ ಹಕ್ಕಿದೆ ಎಂಬ ಹೆಸರುಪಟ್ಟಿಯನ್ನು ಕಾಪಾಡುವವರು ಒಬ್ಬರಿರಬೇಕೋ ಇಬ್ಬರಿರಬೇಕೋ ಎಂಬ ಪ್ರಶ್ನೆಯ ಕಥೆ ಅದು. ಇಬ್ಬರಿರಬೇಕು ಎಂಬ ಉತ್ತರ 1980ರ ದಶಕದಲ್ಲೇ ಸಿದ್ಧವಾಗಿತ್ತು. ಸಣ್ಣ ಕಚೇರಿಗೆ ಅದು ತಲುಪಲು ತಡವಾದದ್ದು ತಂತ್ರಜ್ಞಾನದ ಕೊರತೆಯಿಂದಲ್ಲ, ಸರಕನ್ನು ಕಟ್ಟಿ ಮಾರಿದ ರೀತಿಯಿಂದ ಎಂಬುದು ಈ ಲೇಖನದ ವಾದ.

ಮೊದಲ ಸರ್ವರ್ ಕಚೇರಿಯೊಳಗೆ ಕಾಲಿಟ್ಟದ್ದು ಹಂಚಿಕೊಳ್ಳುವ ಪೆಟ್ಟಿಗೆಯಾಗಿ. ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ 1973ರಲ್ಲಿ ರೂಪಿಸತೊಡಗಿದ ಈಥರ್‌ನೆಟ್ 1983ರಲ್ಲಿ ಐಇಇಇ ಸಂಸ್ಥೆಯ ಮಾನದಂಡವಾಯಿತು. ಅದೇ ವರ್ಷ ಅಮೆರಿಕದ ಯೂಟಾ ರಾಜ್ಯದ ನೋವೆಲ್ ಕಂಪನಿ ನೆಟ್‌ವೇರ್ ತಂದಿತು. ಆಗ ಹಾರ್ಡ್ ಡಿಸ್ಕ್ ದುಬಾರಿ, ಒಳ್ಳೆಯ ಪ್ರಿಂಟರ್ ಇನ್ನೂ ದುಬಾರಿ. ಪ್ರತಿ ಮೇಜಿಗೂ ಒಂದೊಂದು ಕೊಡಿಸುವ ಬದಲು ಒಂದನ್ನು ಮೂಲೆಯಲ್ಲಿಟ್ಟು ಎಲ್ಲರೂ ಬಳಸುವುದು ಲಾಭದ ದಾರಿಯಾಗಿತ್ತು. ಹಂಚಿಕೊಳ್ಳುವುದೆಂದ ಮೇಲೆ ಯಾರಿಗೆ ಎಷ್ಟು ಎಂಬ ಲೆಕ್ಕ ಬೇಕಲ್ಲ! ನೆಟ್‌ವೇರಿನ 2 ಮತ್ತು 3ನೆಯ ಆವೃತ್ತಿಗಳಲ್ಲಿ ಆ ಲೆಕ್ಕವಿದ್ದ ಪುಸ್ತಕಕ್ಕೆ ಬೈಂಡರಿ ಎಂದು ಹೆಸರು. ಪ್ರತಿ ಸರ್ವರಿಗೂ ಅದರದೇ ಬೈಂಡರಿ. ಒಂದರೊಳಗೆ ಬರೆದದ್ದು ಇನ್ನೊಂದಕ್ಕೆ ತಿಳಿಯದು. ಎರಡನೆಯ ಸರ್ವರ್ ತಂದ ಕಚೇರಿಗೆ ಹೊಸ ಗುಮಾಸ್ತರೊಬ್ಬರು ಸೇರಿದರೆ ಅವರ ಹೆಸರನ್ನು ಎರಡೂ ಕಡೆ ಬರೆಯಬೇಕು, ಎರಡೂ ಕಡೆ ಹಕ್ಕು ಕೊಡಬೇಕು. ಅವರು ಕೆಲಸ ಬಿಟ್ಟ ದಿನ ಎರಡೂ ಕಡೆ ಹೊಡೆದುಹಾಕಬೇಕು. ಒಂದು ಕಡೆ ಮರೆತರೆ ಹೋದವರಿಗೆ ಅರ್ಧ ಬಾಗಿಲು ತೆರೆದೇ ಉಳಿಯಿತು. ಹೀಗೆ ಬಂದ ಎರಡನೆಯ ಸರ್ವರ್ ಮೊದಲನೆಯದಕ್ಕೆ ಜೊತೆಗಾರನಾಗದೆ ಪಕ್ಕದ ಮನೆಯಾಯಿತು. ಒಂದು ಕೆಟ್ಟರೆ ಇನ್ನೊಂದು ಅದರ ಕೆಲಸ ಹೊರಲಾರದು. ಎರಡನೆಯದು ಅಂದರೆ ಎರಡರಷ್ಟು ಕೆಲಸ ಎಂಬ ಅಳುಕು ಕಚೇರಿಗಳಲ್ಲಿ ಬೇರೂರಿದ್ದರೆ ಅದಕ್ಕೆ ಅಂದು ಸರಿಯಾದ ಕಾರಣವೇ ಇತ್ತು.

ಆದರೆ ಆ ಕಾಲಕ್ಕೆ ಬೇರೆ ದಾರಿಯೇ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಅದೇ ಜೆರಾಕ್ಸ್ ಪಾರ್ಕಿನಲ್ಲಿ ಆಂಡ್ರ್ಯೂ ಬಿರೆಲ್, ರಾಯ್ ಲೆವಿನ್, ರೋಜರ್ ನೀಡಮ್, ಮೈಕೆಲ್ ಶ್ರೋಡರ್ ಅವರು ಗ್ರೇಪ್‌ವೈನ್ ಎಂಬ ವ್ಯವಸ್ಥೆ ಕಟ್ಟಿ 1982ರಲ್ಲಿ ಅದರ ವಿವರ ಪ್ರಕಟಿಸಿದ್ದರು. ಅದರಲ್ಲಿ ಜನರ ಹೆಸರು, ಗುಂಪು, ಪಾಸ್‌ವರ್ಡ್‌ಗಳ ಪಟ್ಟಿ ಹಲವು ಸರ್ವರ್‌ಗಳಲ್ಲಿ ನಕಲಾಗಿ ಇರುತ್ತಿತ್ತು. ಯಾವ ನಕಲಿನಲ್ಲಿ ತಿದ್ದಿದರೂ ಆ ತಿದ್ದುಪಡಿ ಸಂದೇಶವಾಗಿ ಮಿಕ್ಕವಕ್ಕೆ ಹೋಗುತ್ತಿತ್ತು. 1987ರಲ್ಲಿ ಅಲನ್ ಡೆಮರ್ಸ್ ಮತ್ತು ಸಂಗಡಿಗರು ಈ ವಿಚಾರವನ್ನು ಇನ್ನಷ್ಟು ಮುಂದಕ್ಕೊಯ್ದರು: ಊರಿನಲ್ಲಿ ಸುದ್ದಿ ಬಾಯಿಂದ ಬಾಯಿಗೆ ಹರಡುವಂತೆ ಸರ್ವರ್‌ಗಳೂ ತಮ್ಮತಮ್ಮಲ್ಲಿ ಆಗಾಗ ಪಟ್ಟಿ ಹೋಲಿಸಿಕೊಂಡರೆ ಕೊನೆಗೆ ಎಲ್ಲೆಡೆಯೂ ಒಂದೇ ಪಟ್ಟಿ ನೆಲೆಗೊಳ್ಳುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. ಅದೇ 1987ರಲ್ಲಿ ಪಾಲ್ ಮೊಕಾಪೆಟ್ರಿಸ್ ಬರೆದ ಡಿಎನ್‌ಎಸ್ ನಿಯಮಾವಳಿ, ಅಂದರೆ ಅಂತರಜಾಲದ ಹೆಸರುಗಳನ್ನು ವಿಳಾಸಗಳಾಗಿಸುವ ವ್ಯವಸ್ಥೆಯ ಮೂಲಗ್ರಂಥ, ಪ್ರತಿ ಹೆಸರು ವಲಯವೂ ಕನಿಷ್ಠ ಎರಡು ಸರ್ವರ್‌ಗಳಲ್ಲಿ ಸಿಗುವಂತಿರಬೇಕು ಎಂದು ವಿಧಿಸಿತು. ಇದು ಸಲಹೆಯ ಧಾಟಿಯ ಮಾತಲ್ಲ, ಆಡಳಿತದ ಕಟ್ಟಳೆ. ಅಂತರಜಾಲ ಹುಟ್ಟುವಾಗಲೇ ತನ್ನ ಹೆಸರುಪಟ್ಟಿಯನ್ನು ಒಬ್ಬರ ಕೈಗೆ ಒಪ್ಪಿಸಲು ಒಲ್ಲೆ ಎಂದಿತ್ತು.

ಈ ತಿಳಿವಳಿಕೆ ಕಚೇರಿಯ ಸರ್ವರಿಗೆ ಇಳಿದದ್ದು 1993ರಲ್ಲಿ, ಎರಡು ದಾರಿಗಳಲ್ಲಿ. ನೋವೆಲ್ ತನ್ನ ನೆಟ್‌ವೇರ್ 4ರಲ್ಲಿ ಬೈಂಡರಿಯನ್ನು ಬಿಟ್ಟು ಇಡೀ ಜಾಲಕ್ಕೆ ಒಂದೇ ಡೈರೆಕ್ಟರಿ ತಂದಿತು. ಮೈಕ್ರೋಸಾಫ್ಟ್ ಅದೇ ವರ್ಷದ ವಿಂಡೋಸ್ ಎನ್‌ಟಿಯಲ್ಲಿ ಡೊಮೈನ್, ಅಂದರೆ ಒಂದೇ ಹೆಸರುಪಟ್ಟಿಗೆ ಒಳಪಟ್ಟ ಯಂತ್ರಗಳ ಗುಂಪು, ಎಂಬ ವ್ಯವಸ್ಥೆ ಕೊಟ್ಟಿತು. ಅಲ್ಲಿ ಒಂದು ಸರ್ವರ್ ಪ್ರೈಮರಿ ಡೊಮೈನ್ ಕಂಟ್ರೋಲರ್, ಉಳಿದವು ಬ್ಯಾಕಪ್ ಡೊಮೈನ್ ಕಂಟ್ರೋಲರ್. ಬರೆಯುವ ಹಕ್ಕು ಮೊದಲನೆಯದಕ್ಕೆ ಮಾತ್ರ. ಎರಡನೆಯದು ಅದರ ಪ್ರತಿ ಇಟ್ಟುಕೊಂಡು ಬಂದವರ ಗುರುತು ಒಪ್ಪಬಹುದು. ಯಜಮಾನರು ಊರಿಗೆ ಹೋದಾಗ ಅಂಗಡಿಯಲ್ಲಿ ಕೂರುವ ಗುಮಾಸ್ತರ ಸ್ಥಿತಿ ಅದು: ಗಿರಾಕಿಗೆ ಸಾಮಾನು ಕೊಡಬಹುದು, ಹೊಸ ಖಾತೆ ತೆರೆಯುವಂತಿಲ್ಲ. ಪ್ರೈಮರಿ ಕೆಟ್ಟರೆ ಜನ ಒಳಗೆ ಬರಬಹುದು, ಆದರೆ ಪಾಸ್‌ವರ್ಡ್ ಬದಲಿಸಲು ಆಗದು, ಹೊಸಬರನ್ನು ಸೇರಿಸಲು ಆಗದು. ಬ್ಯಾಕಪ್ಪನ್ನು ಪ್ರೈಮರಿಯ ಪಟ್ಟಕ್ಕೆ ಏರಿಸುವ ಕೆಲಸವನ್ನು ಮನುಷ್ಯರೇ ಮಾಡಬೇಕಿತ್ತು. ಇನ್ನೊಂದು ತೊಡಕೂ ಇತ್ತು. ಎನ್‌ಟಿ ಯಂತ್ರ ಕಂಟ್ರೋಲರ್ ಆಗಬೇಕೇ ಬೇಡವೇ ಎಂಬುದನ್ನು ಅದನ್ನು ಇನ್‌ಸ್ಟಾಲ್ ಮಾಡುವಾಗಲೇ ತೀರ್ಮಾನಿಸಬೇಕು. ಬರೀ ಫೈಲ್ ಸರ್ವರ್ ಎಂದು ನಿಲ್ಲಿಸಿದ ಎರಡನೆಯ ಯಂತ್ರವನ್ನು ಆಮೇಲೆ ಕಂಟ್ರೋಲರ್ ಮಾಡಬೇಕೆಂದರೆ ಎಲ್ಲ ಅಳಿಸಿ ಮೊದಲಿನಿಂದ ಶುರು. ಆದರೂ ಇಲ್ಲಿಂದ ಎರಡನೆಯ ಸರ್ವರ್ ಪಕ್ಕದ ಮನೆಯಾಗಿ ಉಳಿಯದೆ ಅದೇ ಮನೆಯ ಎರಡನೆಯ ಆಳಾಯಿತು.

2000ದ ಫೆಬ್ರುವರಿಯಲ್ಲಿ ಬಂದ ವಿಂಡೋಸ್ 2000 ಈ ಮೇಲುಕೀಳನ್ನೂ ಬಹುಮಟ್ಟಿಗೆ ತೆಗೆದುಹಾಕಿತು. ಅದರೊಂದಿಗೆ ಬಂದ ಆಕ್ಟಿವ್ ಡೈರೆಕ್ಟರಿ ಎಂಬ ಹೆಸರುಪಟ್ಟಿ ವ್ಯವಸ್ಥೆಯಲ್ಲಿ ಯಾವ ಕಂಟ್ರೋಲರಿನಲ್ಲಿ ಬರೆದರೂ ಅದು ಮಿಕ್ಕವಕ್ಕೆ ಹರಿಯುತ್ತದೆ. ಒಬ್ಬರಿಂದಲೇ ಆಗಬೇಕಾದ ಐದು ಹೊಣೆಗಳನ್ನು ಮಾತ್ರ ಬೇರೆಯಾಗಿ ಹೆಸರಿಸಿ, ಬೇಕಾದಾಗ ಒಂದರಿಂದ ಇನ್ನೊಂದಕ್ಕೆ ಸಾಗಿಸುವ ಅವಕಾಶ ಇಟ್ಟರು. ಗ್ರೇಪ್‌ವೈನಿನ ವಿಚಾರ ಸುಮಾರು ಎರಡು ದಶಕಗಳ ನಂತರ ಸಾಮಾನ್ಯ ಕಚೇರಿಯ ಕಪಾಟಿಗೆ ಬಂತು ಎನ್ನಬಹುದು. ಇಷ್ಟಾದರೂ ಎರಡನೆಯದು ತಾನಾಗಿ ಜೊತೆಗಾರ ಆಗಿಬಿಡುವುದಿಲ್ಲ. ಬೆಳಗ್ಗೆ ಒಬ್ಬರು ಮೇಜಿನ ಕಂಪ್ಯೂಟರ್ ಆನ್ ಮಾಡಿದಾಗ ಏನಾಗುತ್ತದೆ ನೋಡಿ. ಯಂತ್ರ ಮೊದಲು ತನಗೊಂದು ವಿಳಾಸ ಕೊಡಿ ಎಂದು ಜಾಲದೊಳಗೆ ಕೂಗುತ್ತದೆ. ಡಿಎಚ್‌ಸಿಪಿ ಸೇವೆ ವಿಳಾಸ ಕೊಡುತ್ತಲೇ ಹೆಸರು ಕೇಳಬೇಕಾದರೆ ಇಂಥ ಡಿಎನ್‌ಎಸ್ ಸರ್ವರ್ ಬಳಿ ಹೋಗು ಎಂದೂ ಹೇಳಿ ಕಳಿಸುತ್ತದೆ. ಯಂತ್ರ ಅಲ್ಲಿಗೆ ಹೋಗಿ ಈ ಡೊಮೈನಿನ ಕಂಟ್ರೋಲರ್‌ಗಳು ಯಾರು ಎಂದು ವಿಚಾರಿಸಿ, ಸಿಕ್ಕ ಹೆಸರುಗಳಲ್ಲಿ ಒಂದರ ಬಾಗಿಲು ತಟ್ಟಿ ಗುರುತು ತೋರಿಸುತ್ತದೆ. ಈಗ ಎರಡನೆಯ ಕಂಟ್ರೋಲರ್ ಸೇರಿಸಿದ್ದಾರೆ, ಆದರೆ ಡಿಎಚ್‌ಸಿಪಿ ಇನ್ನೂ ಮೊದಲ ಸರ್ವರಿನ ಡಿಎನ್‌ಎಸ್ ವಿಳಾಸವನ್ನಷ್ಟೇ ಹೇಳುತ್ತಿದೆ ಎಂದುಕೊಳ್ಳಿ. ಮೊದಲನೆಯದು ನಿಂತ ದಿನ ಎರಡನೆಯದು ದೀಪ ಉರಿಸಿಕೊಂಡು ಪಕ್ಕದಲ್ಲೇ ಇದ್ದರೂ ಅದರ ಮನೆ ಎಲ್ಲಿ ಎಂದು ಹೇಳುವವರೇ ಇರುವುದಿಲ್ಲ. ಒಂದು ಸಾಲಿನ ಸೆಟ್ಟಿಂಗ್ ಬಿಟ್ಟುಹೋದದ್ದರಿಂದ ಇಡೀ ಯಂತ್ರದ ಖರ್ಚು ವ್ಯರ್ಥ. ಪಟ್ಟಿಗೆ ಇಬ್ಬರಿದ್ದರೆ ಸಾಲದು, ಪಟ್ಟಿಯತ್ತ ಹೋಗುವ ದಾರಿಗೂ ಇಬ್ಬರು ಬೇಕು.

ಇಷ್ಟೆಲ್ಲ ಸಿದ್ಧವಿದ್ದರೂ ಸಣ್ಣ ಕಚೇರಿ ಒಂದೇ ಪೆಟ್ಟಿಗೆಗೆ ಅಂಟಿಕೊಂಡದ್ದೇಕೆ? ಉತ್ತರದ ದೊಡ್ಡ ಪಾಲು 1997ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಸ್ಮಾಲ್ ಬಿಸಿನೆಸ್ ಸರ್ವರಿನಲ್ಲಿದೆ. ಫೈಲ್, ಇಮೇಲ್, ಡೇಟಾಬೇಸ್, ಫ್ಯಾಕ್ಸ್, ಅಂತರಜಾಲದ ಬಾಗಿಲು ಎಲ್ಲವನ್ನೂ ಒಂದೇ ಯಂತ್ರದಲ್ಲಿ, ಬಿಡಿಯಾಗಿ ಕೊಳ್ಳುವುದಕ್ಕಿಂತ ಎಷ್ಟೋ ಕಡಿಮೆ ಬೆಲೆಗೆ ಅದು ಕೊಟ್ಟಿತು. ಮೊದಲ ಆವೃತ್ತಿಯ ಮಿತಿ 25 ಜನ, 1999ರ 4.5ನೆಯ ಆವೃತ್ತಿಯಲ್ಲಿ 50, 2003ರದ್ದರಲ್ಲಿ 75. ದೊಡ್ಡ ಕಂಪನಿಗಳಿಗೆ ಮಾತ್ರ ಎಟಕುತ್ತಿದ್ದ ಸೌಕರ್ಯ ಇದರಿಂದ ಸಣ್ಣವರಿಗೂ ಸಿಕ್ಕಿತು. ಆ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಕಡಿಮೆ ಬೆಲೆಗೆ ಪ್ರತಿಯಾಗಿ ಕಟ್ಟುಪಾಡುಗಳಿದ್ದವು. ಆಕ್ಟಿವ್ ಡೈರೆಕ್ಟರಿ ಬಂದ ಮೇಲಿನ ಆವೃತ್ತಿಗಳಲ್ಲಿ ಡೊಮೈನಿನ ಆ ಐದೂ ಹೊಣೆಗಳು ಈ ಯಂತ್ರದಲ್ಲೇ ಇರಬೇಕಿತ್ತು. ಬೇರೆಡೆಗೆ ಸಾಗಿಸಿದರೆ ಗಡುವು ಮುಗಿದ ಮೇಲೆ ಅದು ತಾನಾಗಿ ನಿಂತುಹೋಗುತ್ತಿತ್ತು. ಒಂದು ಡೊಮೈನಿನಲ್ಲಿ ಇಂಥದ್ದು ಒಂದೇ ಇರಬಹುದು. ಈ ಷರತ್ತುಗಳು ಬಾಯಿಂದ ಬಾಯಿಗೆ ಹೋಗುವಾಗ ಸ್ಮಾಲ್ ಬಿಸಿನೆಸ್ ಸರ್ವರ್ ಇದ್ದ ಕಡೆ ಎರಡನೆಯ ಡೊಮೈನ್ ಕಂಟ್ರೋಲರ್ ಇಡುವಂತೆಯೇ ಇಲ್ಲ ಎಂಬ ನಂಬಿಕೆಯಾಗಿ ಮಾರ್ಪಟ್ಟವು. ನಿಜಕ್ಕೂ ಹಾಗಿರಲಿಲ್ಲ. ಸಾಮಾನ್ಯ ವಿಂಡೋಸ್ ಸರ್ವರ್ ಕೊಂಡು ಎರಡನೆಯ ಕಂಟ್ರೋಲರ್ ಆಗಿ ಸೇರಿಸಲು ಅಡ್ಡಿ ಇರಲಿಲ್ಲ. ಐದು ಹೊಣೆಗಳನ್ನು ಮೊದಲನೆಯದರಲ್ಲೇ ಬಿಟ್ಟರೆ ಸಾಕಿತ್ತು. 2008ರ ಪ್ರೀಮಿಯಂ ಆವೃತ್ತಿಯಲ್ಲಂತೂ ಎರಡನೆಯ ಸರ್ವರಿನ ಲೈಸೆನ್ಸನ್ನು ಕಂಪನಿಯೇ ಜೊತೆಗೆ ಕೊಟ್ಟಿತು. 2012ರಲ್ಲಿ ಈ ಸರಣಿ ಮುಂದುವರಿಯುವುದಿಲ್ಲ ಎಂದು ಘೋಷಣೆಯಾಯಿತು. ಆದರೆ ಹದಿನೈದು ವರ್ಷಗಳ ಕಾಲ ಸಣ್ಣ ಕಚೇರಿಯ ಮನಸ್ಸಿನಲ್ಲಿ ಅಚ್ಚೊತ್ತಿದ ಒಂದು ಕಚೇರಿಗೆ ಒಂದು ಪೆಟ್ಟಿಗೆ ಎಂಬ ಚಿತ್ರ ಸರಣಿಯೊಂದಿಗೆ ಹೋಗಲಿಲ್ಲ.

ಕರ್ನಾಟಕದ ಸಣ್ಣ ವ್ಯಾಪಾರಕ್ಕೆ ಬಂದರೆ ಚಿತ್ರ ಸ್ವಲ್ಪ ಬೇರೆ. ಇಲ್ಲಿ ಎಷ್ಟೋ ಅಂಗಡಿ, ಮಂಡಿ, ಕಾರ್ಖಾನೆಗಳಲ್ಲಿ ಸರ್ವರ್ ಎಂದು ಕರೆಯುವುದು ಡೊಮೈನನ್ನಲ್ಲ, ಟ್ಯಾಲಿಯ ಡೇಟಾ ಇರುವ ಕಂಪ್ಯೂಟರನ್ನು. ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಮಗ ಭರತ್ ಗೋಯೆಂಕಾ 1986ರಲ್ಲಿ ಆರಂಭಿಸಿದ, ಬೆಂಗಳೂರನ್ನು ಕೇಂದ್ರವಾಗಿಸಿಕೊಂಡ ಕಂಪನಿಯ ಈ ಲೆಕ್ಕದ ತಂತ್ರಾಂಶ ದೇಶದ ಗುಮಾಸ್ತರ ನಿತ್ಯದ ಪುಸ್ತಕವಾಯಿತು. ಹಲವರು ಬಳಸುವ ಲೈಸೆನ್ಸ್ ಕೊಂಡು, ಒಂದು ಕಂಪ್ಯೂಟರಿನ ಫೋಲ್ಡರನ್ನು ಶೇರ್ ಮಾಡಿ, ಮಿಕ್ಕವರು ಅಲ್ಲಿಂದ ವೋಚರ್ ಹಾಕುವುದು ಇಲ್ಲಿನ ರೂಢಿ. ಅಲ್ಲಿ ಕಾಪಾಡಬೇಕಾದ ಪಟ್ಟಿ ನೌಕರರದ್ದಲ್ಲ, ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬ ಖಾತೆಯದ್ದು. ಹಿಂದೆ ನಮ್ಮ ವರ್ತಕರು, ಮಠಗಳು ಲೆಕ್ಕ ಬರೆಯುತ್ತಿದ್ದ ಕಡತ, ಹುಣಿಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದ ಕಪ್ಪು ಬಟ್ಟೆಯ ಮಡಿಕೆ ಪುಸ್ತಕ. ಬಳಪದಿಂದ ಬರೆದು, ಬೇಡವಾದಾಗ ಅಳಿಸಿ ಮತ್ತೆ ಬರೆಯಬಹುದಿತ್ತು. ಆ ಹೆಸರೇ ಇಂದು ಕಚೇರಿಯ ಫೈಲಿಗೂ ಕಂಪ್ಯೂಟರಿನ ಫೈಲಿಗೂ ನಿಂತಿದೆ. ಕಡತ ಅಳಿಸಬಲ್ಲ ಪುಸ್ತಕವಾಗಿತ್ತು ಎಂಬುದನ್ನು ನೆನೆದರೆ ಇಂದಿನ ಕಡತಕ್ಕೂ ಅದೇ ಅಪಾಯ ಇದೆ ಎಂಬುದು ಹೊಳೆಯುತ್ತದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ರಿಟರ್ನ್ ಸಲ್ಲಿಸಲು ಗಡುವು ಇರುವುದರಿಂದ ಈ ಯಂತ್ರ ಒಂದು ದಿನ ನಿಂತರೂ ದಂಡದ ಭಯ. 2022ರ ಆಗಸ್ಟಿನಲ್ಲಿ ತಿದ್ದಿದ ಕಂಪನಿ ಲೆಕ್ಕಪತ್ರ ನಿಯಮಗಳ ಪ್ರಕಾರ ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ಕಂಪನಿ ಅದರ ಬ್ಯಾಕಪ್ಪನ್ನು ದಿನವೂ ಭಾರತದೊಳಗಿನ ಸರ್ವರಿನಲ್ಲಿ ಇಡಬೇಕು. 1987ರಲ್ಲಿ ಅಂತರಜಾಲದ ಹೆಸರಿಗೆ ವಿಧಿಸಿದ ಕಟ್ಟಳೆಯ ಜಾಡಿನಲ್ಲೇ ನಮ್ಮ ಕಾನೂನೂ ಲೆಕ್ಕದ ಪುಸ್ತಕಕ್ಕೆ ಎರಡನೆಯ ನೆಲೆ ಬೇಕೆನ್ನುತ್ತಿದೆ.

ಎರಡನೆಯ ಸರ್ವರ್ ಬೇಕೆಂಬ ಮಾತಿಗೆ ಆಕ್ಷೇಪಗಳಿವೆ, ಹಗುರವಾದವಲ್ಲ. ಮೊದಲನೆಯದು: ಈಗಿನ ಯಂತ್ರಗಳು ಹಿಂದಿನಂತೆ ಕೆಡುವುದಿಲ್ಲ, ರೇಡ್ ಇದೆ, ಎರಡು ಪವರ್ ಸಪ್ಲೈ ಇದೆ, ಯುಪಿಎಸ್ ಇದೆ, ಇಷ್ಟಿದ್ದ ಮೇಲೆ ಇನ್ನೊಂದು ಯಂತ್ರ ಯಾಕೆ? ಉತ್ತರಕ್ಕೆ ಹಳೆಯದೊಂದು ಅಧ್ಯಯನ ನೋಡಬೇಕು. ಪ್ರತಿ ಭಾಗವನ್ನೂ ಜೋಡಿಯಾಗಿಟ್ಟು ನಿಲ್ಲದ ಕಂಪ್ಯೂಟರ್ ಕಟ್ಟುತ್ತಿದ್ದ ಟ್ಯಾಂಡಮ್ ಕಂಪನಿಯ ಜಿಮ್ ಗ್ರೇ 1985ರಲ್ಲಿ ತಮ್ಮ ಗ್ರಾಹಕರ ಯಂತ್ರಗಳು ಏಕೆ ನಿಂತವು ಎಂದು ಪರಿಶೀಲಿಸಿದರು. ಹಾರ್ಡ್‌ವೇರಿನ ಪಾಲು ಶೇ. 18 ಮಾತ್ರ. ತಂತ್ರಾಂಶದ್ದು ಶೇ. 25, ವಿದ್ಯುತ್ತು ಮುಂತಾದ ಹೊರಗಿನ ಕಾರಣ ಶೇ. 14. ಅತಿ ದೊಡ್ಡ ಪಾಲು, ಶೇ. 42, ನಿರ್ವಹಣೆಯದ್ದು: ಮನುಷ್ಯರು ತಪ್ಪು ಗುಂಡಿ ಒತ್ತಿದ್ದು, ತಪ್ಪು ಸೆಟ್ಟಿಂಗ್ ಮಾಡಿದ್ದು, ರಿಪೇರಿಗೆ ಕೈಹಾಕಿ ಸರಿಯಿದ್ದದ್ದನ್ನು ಕೆಡಿಸಿದ್ದು. ಜೋಡಿ ಇಟ್ಟ ಕಡೆ, ಅಂದರೆ ಹಾರ್ಡ್‌ವೇರಿನಲ್ಲಿ, ಸೋಲು ಇಳಿದಿತ್ತು. ಜೋಡಿ ಇಲ್ಲದ ಕಡೆ ಉಳಿದಿತ್ತು. ರೇಡ್ ಎರಡನೆಯ ಡಿಸ್ಕ್ ಕೊಡುತ್ತದೆ, ಎರಡನೆಯ ಆಪರೇಟಿಂಗ್ ಸಿಸ್ಟಮ್ ಕೊಡುವುದಿಲ್ಲ. ಅಪ್‌ಡೇಟ್ ಹಾಕಿದ ಮೇಲೆ ಎದ್ದು ಕೂರದ ಸರ್ವರಿಗೆ ಎರಡಲ್ಲ, ಹತ್ತು ಡಿಸ್ಕ್ ಇದ್ದರೂ ಫಲವಿಲ್ಲ. ಎರಡನೆಯ ಸರ್ವರ್ ಇರುವ ಕಚೇರಿ ಮೊದಲು ಒಂದಕ್ಕೆ ಅಪ್‌ಡೇಟ್ ಹಾಕಿ, ನೋಡಿ, ಆಮೇಲೆ ಇನ್ನೊಂದನ್ನು ಮುಟ್ಟಬಹುದು. ಕೆಲಸದ ಹೊತ್ತಿನಲ್ಲೇ ರಿಪೇರಿ ಮಾಡುವ ನೆಮ್ಮದಿ ಅದರಿಂದ ಬರುತ್ತದೆ. ಅದೇ ಅಂಕಿ ನನ್ನ ವಾದಕ್ಕೂ ಒಂದು ಎಚ್ಚರಿಕೆ ಕೊಡುತ್ತದೆ ಎಂಬುದನ್ನು ಒಪ್ಪುತ್ತೇನೆ: ನಿರ್ವಹಣೆಯೇ ದೊಡ್ಡ ಕಾರಣವಾದರೆ, ನೋಡಿಕೊಳ್ಳುವವರಿಲ್ಲದ ಎರಡನೆಯ ಯಂತ್ರ ತಪ್ಪಿನ ಅವಕಾಶವನ್ನು ಹೆಚ್ಚಿಸುತ್ತದೆ. ತಿಂಗಳುಗಟ್ಟಲೆ ಆಫ್ ಆಗಿದ್ದ ಕಂಟ್ರೋಲರನ್ನು ಒಂದು ದಿನ ಏಕಾಏಕಿ ಎಬ್ಬಿಸಿದರೆ ಅಳಿಸಿಹಾಕಿದ್ದ ಹೆಸರುಗಳೂ ಅದರೊಂದಿಗೆ ಎದ್ದು ಬರಬಹುದು. ನೋಡಿಕೊಳ್ಳುವವರನ್ನು ಗೊತ್ತುಮಾಡದೆ ಯಂತ್ರ ತರಬಾರದು.

ಎರಡನೆಯ ಆಕ್ಷೇಪ: ದಿನವೂ ಬ್ಯಾಕಪ್ ತೆಗೆದರೆ ಸಾಲದೇ? ಇದರಲ್ಲಿ ಎರಡು ಬೇರೆ ಕೆಲಸಗಳು ಕಲಸಿಹೋಗಿವೆ. ಎರಡನೆಯ ಸರ್ವರ್ ಕಾಯುವುದು ಇವತ್ತನ್ನು. ಬ್ಯಾಕಪ್ ಕಾಯುವುದು ನಿನ್ನೆಯನ್ನು. ಸರ್ವರ್‌ಗಳು ಪರಸ್ಪರ ನಕಲು ಮಾಡಿಕೊಳ್ಳುವಾಗ ಸರಿಯಾದದ್ದರ ಜೊತೆ ತಪ್ಪನ್ನೂ ನಿಷ್ಠೆಯಿಂದ ನಕಲು ಮಾಡುತ್ತವೆ. ಇಲ್ಲಿ ಅಳಿಸಿದ ಹೆಸರು ಅಲ್ಲೂ ಅಳಿಯುತ್ತದೆ. 2017ರ ಮೇ 12ರಂದು ಜಗತ್ತಿನಾದ್ಯಂತ ಹಬ್ಬಿದ ವಾನಾಕ್ರೈ ಒತ್ತೆಹಣದ ವೈರಸ್, ಫೈಲ್ ಹಂಚಿಕೊಳ್ಳುವ ದಾರಿಯಲ್ಲೇ ಯಂತ್ರದಿಂದ ಯಂತ್ರಕ್ಕೆ ಹಾರಿತು. ಪ್ಯಾಚ್ ಹಾಕದ ಎರಡು ಸರ್ವರ್ ಇದ್ದ ಕಡೆ ಎರಡೂ ಹೋದವು. ಹಾಗಾಗಿ ಎರಡನೆಯ ಸರ್ವರ್ ಇದೆ ಎಂದು ಬ್ಯಾಕಪ್ ಬಿಡುವಂತಿಲ್ಲ. ಆದರೆ ಬ್ಯಾಕಪ್ ಇದೆ ಎಂದು ಎರಡನೆಯದನ್ನು ಬಿಟ್ಟ ಕಚೇರಿಯ ಸ್ಥಿತಿಯನ್ನೂ ನೋಡಬೇಕು. ಹೆಸರುಪಟ್ಟಿ ಹಾರ್ಡ್ ಡಿಸ್ಕಿನಲ್ಲಿ ಭದ್ರವಾಗಿರುತ್ತದೆ, ಅದನ್ನು ಇಳಿಸಲು ಯಂತ್ರವೇ ಇರುವುದಿಲ್ಲ. ಹೊಸದು ಬಂದು, ವಿಂಡೋಸ್ ಹಾಕಿ, ಬ್ಯಾಕಪ್ ಇಳಿಸಿ, ಎಲ್ಲರೂ ಮತ್ತೆ ಒಳಗೆ ಬರುವವರೆಗೆ ದಿನಗಳು ಉರುಳುತ್ತವೆ. ಹಣ ಒಂದಕ್ಕಷ್ಟೇ ಇದ್ದರೆ ಮೊದಲು ಬ್ಯಾಕಪ್ ಎನ್ನುವುದು ಸರಿ. ಅದಾದ ಮೇಲಿನ ಮೊದಲ ಖರ್ಚು ಎರಡನೆಯ ಸರ್ವರಿನದ್ದಾಗಬೇಕು.

ಮೂರನೆಯ ಆಕ್ಷೇಪ ಇಂದಿನದು: ಒಂದೇ ಯಂತ್ರದೊಳಗೆ ಎರಡು ವರ್ಚುವಲ್ ಸರ್ವರ್ ಓಡಿಸಬಹುದು, ಅದೂ ಬೇಡವೆಂದರೆ ಎಲ್ಲವನ್ನೂ ಕ್ಲೌಡಿಗೆ ಕಳಿಸಬಹುದು. ವರ್ಚುವಲ್ ಸರ್ವರ್ ಓಡಿಸುವ ಹೈಪರ್-ವಿ ತಂತ್ರಾಂಶ 2008ರಿಂದ ವಿಂಡೋಸ್ ಸರ್ವರಿನೊಡನೆಯೇ ಬಂತು, 2012ರ ಸ್ಟ್ಯಾಂಡರ್ಡ್ ಲೈಸೆನ್ಸ್ ಎರಡು ವರ್ಚುವಲ್ ಸರ್ವರ್‌ಗಳಿಗೆ ಅನುಮತಿ ಕೊಟ್ಟಿತು. ಲೆಕ್ಕದ ತಂತ್ರಾಂಶವನ್ನೂ ಡೊಮೈನನ್ನೂ ಬೇರೆಬೇರೆ ಇಡಲು, ಅಪ್‌ಡೇಟನ್ನು ಸರದಿಯಲ್ಲಿ ಹಾಕಲು ಇದು ನಿಜಕ್ಕೂ ಒಳ್ಳೆಯ ಸೌಕರ್ಯ. ಆದರೆ ಮದರ್‌ಬೋರ್ಡ್ ಸುಟ್ಟ ದಿನ ಎರಡೂ ಒಟ್ಟಿಗೇ ಮಲಗುತ್ತವೆ. ಡಿಎನ್‌ಎಸ್ ಲೋಕ ಈ ಪಾಠವನ್ನು 1997ರಲ್ಲೇ ಬರೆದಿಟ್ಟಿತು. ಎರಡು ಸರ್ವರ್ ಇರಬೇಕೆಂಬ ನಿಯಮವನ್ನು ಅನೇಕರು ಒಂದೇ ಕೋಣೆಯಲ್ಲಿ ಎರಡು ಯಂತ್ರ ಇಟ್ಟು ಪಾಲಿಸುತ್ತಿದ್ದುದರಿಂದ, ಎರಡನೆಯದನ್ನು ಆಯ್ದುಕೊಳ್ಳುವುದು ಹೇಗೆ ಎಂದು ತಿಳಿಸಲೆಂದೇ ಆರ್‌ಎಫ್‌ಸಿ 2182 ಎಂಬ ದಾಖಲೆ ಬಂತು. ಅವು ಬೇರೆ ಜಾಗದಲ್ಲಿ, ಜಾಲದ ಬೇರೆ ದಾರಿಯಲ್ಲಿ ಇರಬೇಕು ಎನ್ನುತ್ತದೆ ಅದು. ಕ್ಲೌಡಿನ ಮಟ್ಟಿಗೆ, ಪಟ್ಟಿ ಕಾಪಾಡುವ ಯಂತ್ರಗಳು ಅಲ್ಲಿ ಹಲವಾರು ಇರುತ್ತವೆ, ಸಣ್ಣ ಕಚೇರಿ ತಾನಾಗಿ ಕಟ್ಟಲಾರದಷ್ಟು. ಈ ವಿಷಯದಲ್ಲಿ ಕ್ಲೌಡ್ ಗೆದ್ದಿದೆ. ಆದರೆ ಒಂಟಿತನ ಅಲ್ಲಿಂದ ಜಾಗ ಬದಲಿಸಿ ಕಚೇರಿಗೆ ಬಂದಿದೆ: ಇಂಟರ್‌ನೆಟ್ ಲೈನ್ ಒಂದೇ, ರೌಟರ್ ಒಂದೇ, ಅಡ್ಮಿನ್ ಖಾತೆ ಒಂದೇ, ಅದರ ಒಟಿಪಿ ಬರುವ ಮೊಬೈಲ್ ಒಬ್ಬರದೇ. ಎರಡನೆಯ ಸರ್ವರ್ ಬೇಡವಾದ ಕಚೇರಿಗೆ ಎರಡನೆಯ ಲೈನ್, ಎರಡನೆಯ ಅಡ್ಮಿನ್ ಬೇಕು. ಪ್ರಶ್ನೆ ಹಳೆಯದೇ, ಕೇಳಬೇಕಾದ ಜಾಗ ಹೊಸದು.

ಬೈಂಡರಿಯಿಂದ ಕ್ಲೌಡಿನವರೆಗೆ ಪ್ರತಿ ಹಂತದಲ್ಲೂ ಯಂತ್ರಗಳು ಎರಡಾಗುವುದು ಸುಲಭವಾಗಿತ್ತು, ಹೊಣೆ ಎರಡಾಗುವುದು ಕಷ್ಟವಾಗಿತ್ತು. ನೆಟ್‌ವೇರಿನ ಕಾಲದಲ್ಲಿ ಪಟ್ಟಿ ಬೇರೆಬೇರೆ ಇದ್ದು ಕೆಟ್ಟಿತು, ಎನ್‌ಟಿಯ ಕಾಲದಲ್ಲಿ ಬರೆಯುವ ಹಕ್ಕು ಒಂದೇ ಕಡೆ ಇದ್ದು ಕೆಟ್ಟಿತು, ಆಮೇಲೆ ದಾರಿ ತೋರುವವರು ಒಬ್ಬರೇ ಆಗಿ ಕೆಟ್ಟಿತು. ಆದ್ದರಿಂದ ಎರಡನೆಯದನ್ನು ಸೇರಿಸಿದ್ದೇವೆ ಎಂಬುದಕ್ಕೆ ಬಿಲ್ಲು ಸಾಕ್ಷಿಯಾಗದು. ಸಾಕ್ಷಿ ಬೇಕಾದರೆ ಒಂದು ಶನಿವಾರ ಮಧ್ಯಾಹ್ನ, ಬ್ಯಾಕಪ್ ಮುಗಿದ ಮೇಲೆ, ಎಲ್ಲರಿಗೂ ತಿಳಿಸಿ ಮೊದಲ ಸರ್ವರನ್ನು ಕ್ರಮವಾಗಿ ಶಟ್‌ಡೌನ್ ಮಾಡಬೇಕು. ಒಬ್ಬರು ಕಂಪ್ಯೂಟರನ್ನು ಮತ್ತೆ ಆನ್ ಮಾಡಿ ಒಳಗೆ ಬರಲಿ, ಇನ್ನೊಬ್ಬರು ಪಾಸ್‌ವರ್ಡ್ ಬದಲಿಸಲಿ, ಮತ್ತೊಬ್ಬರು ಹಳೆಯ ಬಿಲ್ಲೊಂದನ್ನು ತೆರೆದು ಪ್ರಿಂಟ್ ಕೊಡಲಿ. ಎಲ್ಲಿ ನಿಂತಿತೋ ಅದನ್ನು ಬರೆದಿಟ್ಟುಕೊಂಡು ಮೊದಲನೆಯದನ್ನು ಮತ್ತೆ ಎಬ್ಬಿಸಬೇಕು. ಅಂದು ಬರೆದ ಆ ಪಟ್ಟಿಯೇ ಕಚೇರಿಗೆ ಮುಂದೆ ಏನು ಕೊಳ್ಳಬೇಕು, ಯಾವ ಸೆಟ್ಟಿಂಗ್ ತಿದ್ದಬೇಕು, ಯಾರಿಗೆ ಕೆಲಸ ಕಲಿಸಬೇಕು ಎಂಬುದನ್ನು ಹೇಳುತ್ತದೆ.